ಎರಡು ದುರ್ಬೀನುಗಳ ನಡುವಿನ ಆರು ಮೀಟರು

ಬಾಯಿಯಿಂದ ಇಳಿಸಿದ ದುರ್ಬೀನು ಅನ್ನನಾಳ, ಜಠರಗಳನ್ನು ದಾಟಿ ಸಣ್ಣ ಕರುಳಿನ ಮೊದಲ ತಿರುವಿನಲ್ಲೇ ನಿಂತುಬಿಡುತ್ತದೆ. ಗುದದ್ವಾರದಿಂದ ಏರಿಸಿದ ಕೊಲೊನೊಸ್ಕೋಪು ಒಂದೂವರೆ ಮೀಟರಿನ ದೊಡ್ಡ ಕರುಳನ್ನು ಸುತ್ತಿ ಬಂದು, ಬಲ ಕಿಬ್ಬೊಟ್ಟೆಯಲ್ಲಿ ಸಣ್ಣ ಕರುಳಿನ ಕೊನೆಯ ಗೇಣುದ್ದವನ್ನು ಕಂಡು ಹಿಂದಿರುಗುತ್ತದೆ. ಇವೆರಡರ ನಡುವೆ ಉಳಿಯುವುದು ಸುಮಾರು ಆರು ಮೀಟರ್ ಕರುಳು. ಕಂಡ ಭಾಗದಲ್ಲೂ ದುರ್ಬೀನಿಗೆ ತಿಳಿಯುವುದು ಒಳಮೈ ಮಾತ್ರ. ಬಾವಿಯೊಳಗೆ ಇಣುಕಿದವರಿಗೆ ಒಳಗಿನ ಕಲ್ಲು ಕಾಣುತ್ತದೆ. ಕಲ್ಲಿನ ಹಿಂದೆ ಮಣ್ಣು ಕುಸಿದಿದೆಯೋ, ನೀರು ಪಕ್ಕದ ಹೊಲಕ್ಕೆ ಜಿನುಗುತ್ತಿದೆಯೋ ಕಾಣುವುದಿಲ್ಲ. ಕರುಳಿನ ಗೋಡೆ ಎಷ್ಟು ದಪ್ಪವಾಗಿದೆ, ಹುಣ್ಣು ಗೋಡೆಯನ್ನು ಕೊರೆದು ಆಚೆ ಹೋಗಿದೆಯೇ, ಹೊರಗೆ ಕೀವು ಕಟ್ಟಿದೆಯೇ ಎಂಬುದನ್ನು ತಿಳಿಯಲು ಎಕ್ಸ್-ರೇ, ಸ್ಕ್ಯಾನಿಂಗ್, ಸಿಟಿ, ಎಂಆರ್‌ಐ ಬೇಕಾಗುತ್ತವೆ. ಯಾವಾಗ ಯಾವುದು ಎಂಬ ಪ್ರಶ್ನೆಗೆ ಯಂತ್ರದ ಬೆಲೆ ಉತ್ತರ ಹೇಳುವುದಿಲ್ಲ. ವೈದ್ಯರು ಆ ಹೊತ್ತಿಗೆ ಏನನ್ನು ತಿಳಿಯಬೇಕಾಗಿದೆಯೋ ಅದು ಹೇಳುತ್ತದೆ.

ಈ ಮಾತನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದರ ತೂಕ ತಿಳಿಯುತ್ತದೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ, ಭೀಮೆ ಅಲ್ಲಿಂದ ಜೇವರ್ಗಿಯತ್ತ ಸಾಗುತ್ತದೆ. ತೊಗರಿ, ಜೋಳದ ಈ ಸೀಮೆಯಲ್ಲಿ ಹೊಟ್ಟೆನೋವಿನ ರೋಗಿ ಮೊದಲು ಹೋಗುವುದು ಊರಿನ ಡಾಕ್ಟರರ ಬಳಿಗೆ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ಸಿಗುವುದು ಮುಖ್ಯವಾಗಿ ಎಕ್ಸ್-ರೇ ಮತ್ತು ಜನ ಸುಮ್ಮನೆ ಸ್ಕ್ಯಾನಿಂಗ್ ಎನ್ನುವ ಅಲ್ಟ್ರಾಸೌಂಡ್. ಕೊಲೊನೊಸ್ಕೋಪಿ, ಸಿಟಿ, ಎಂಆರ್‌ಐ ಎಂದರೆ ಕಲಬುರಗಿ. ಆಳಂದ, ಜೇವರ್ಗಿಯಿಂದ 40 ಕಿ.ಮೀ. ಆಸುಪಾಸು, ಅಫಜಲಪುರದಿಂದ ಅದಕ್ಕಿಂತ ಹೆಚ್ಚು. ಗಡಿಯ ಹಳ್ಳಿಗಳ ಕೆಲವರು ಸೊಲ್ಲಾಪುರಕ್ಕೆ ಹೋಗುತ್ತಾರೆ, ಕೈಯಲ್ಲಿ ದುಡ್ಡಿದ್ದವರು ಹೈದರಾಬಾದಿಗೆ. ಒಂದು ಪರೀಕ್ಷೆ ಎಂದರೆ ರೋಗಿಯ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಇಬ್ಬರ ಬಸ್ ಚಾರ್ಜು. ತಪ್ಪು ಪರೀಕ್ಷೆ ಎಂದರೆ ಇದೆಲ್ಲ ಎರಡು ಸಲ.

ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಅಫಜಲಪುರದ ಕಡೆಯ 24ರ ಯುವಕ. ಆರು ತಿಂಗಳಿಂದ ತೂಕ ಇಳಿಯುತ್ತಿದೆ, ಸಂಜೆಗೆ ಮೈ ಬೆಚ್ಚಗಾಗುತ್ತದೆ. “ಉಂಡು ತಾಸಿನ್ಯಾಗ ಬಲಗಡಿ ಹೊಟ್ಟಿ ನೋಯ್ಲತ್ತದ್ರಿ, ಆಮ್ಯಾಲ ಗುಡುಗುಡು ಸಪ್ಪಳ ಆಗಿ ಕಮ್ಮಿ ಆಗ್ತದ” ಎನ್ನುತ್ತಾನೆ. ಈ ಒಂದು ವಾಕ್ಯದಲ್ಲಿ ಅನುಭವಿ ವೈದ್ಯರಿಗೆ ಅರ್ಧ ರೋಗ ಕೇಳಿಸುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲಿ ದಾರಿ ಕಿರಿದಾಗಿದೆ, ಆಹಾರ ಅಲ್ಲಿ ತಡೆದು ತಡೆದು ದಾಟುತ್ತಿದೆ. ಏಕೆ ಕಿರಿದಾಯಿತು?

ಕರುಳಿನ ದೀರ್ಘಕಾಲದ ಉರಿಯೂತ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಗುದನಾಳದಿಂದ ಶುರುವಾಗಿ ಬಿಡುವಿಲ್ಲದೆ ಮೇಲೇರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ನಡುನಡುವೆ ಆರೋಗ್ಯವಾದ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು, ಗೋಡೆಯ ಪೂರ್ತಿ ದಪ್ಪವನ್ನು ಆವರಿಸಬಹುದು. ಎರಡರಲ್ಲೂ ದೇಹದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದಿರುತ್ತದೆ. ಇವು ಪಶ್ಚಿಮದವರ ರೋಗಗಳು, ನಮ್ಮಲ್ಲಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆ ಲಕ್ಷಕ್ಕೆ 44.3 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡಿತು. ಅದಕ್ಕೂ ಮುಂಚೆ, 2000ದಲ್ಲಿ, ಕ್ರೋನ್ಸ್ ಭಾರತದಲ್ಲಿ ನಿಜಕ್ಕೂ ವಿರಳವೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ ಲೇಖನ ಬರೆದವರು ನಮ್ಮ ಕರಾವಳಿಯ ವೈದ್ಯರು, ಮಣಿಪಾಲದ ಗಣೇಶ ಪೈ ಮತ್ತು ಅವರ ಸಹೋದ್ಯೋಗಿ.

ಕ್ರೋನ್ಸ್ ಇಷ್ಟು ಕಾಲ ಕಣ್ಣು ತಪ್ಪಿಸಿಕೊಂಡಿದ್ದಕ್ಕೆ ಕಾರಣ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಭಾರತದವರು. ಕ್ಷಯ ಕರುಳಿಗೆ ಬಂದಾಗ ಹೆಚ್ಚಾಗಿ ಹಿಡಿಯುವುದು ಅದೇ ಜಾಗವನ್ನು, ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವಲ್ಲಿ. ಅದೇ ಜ್ವರ, ಅದೇ ಸೊರಗು, ಅದೇ ನೋವು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಒಪ್ಪನ್‌ಹೈಮರ್ 14 ರೋಗಿಗಳ ಕಥೆ ಪ್ರಕಟಿಸಿದಾಗ ಅವರು ಮೊದಲು ತೋರಿಸಬೇಕಾಗಿದ್ದದ್ದು ಇದು ಕ್ಷಯವಲ್ಲ ಎಂಬುದನ್ನು. ಹುಟ್ಟುವಾಗಲೇ ಈ ರೋಗ ಕ್ಷಯದಿಂದ ಬಿಡಿಸಿಕೊಂಡು ಬಂದದ್ದು. ತೊಂಬತ್ತು ವರ್ಷ ದಾಟಿದ ಮೇಲೂ ಕಲಬುರಗಿಯ ವೈದ್ಯರು ದಿನವೂ ಅದೇ ಗಂಟು ಬಿಡಿಸಬೇಕು.

ಬಿಡಿಸದೆ ಬೇರೆ ದಾರಿಯಿಲ್ಲ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಇರುವುದು ಕ್ಷಯವಾಗಿದ್ದರೆ ಅದೇ ಔಷಧ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಹೊಸ ಚುಚ್ಚುಮದ್ದುಗಳು ಅಡಗಿ ಕುಳಿತ ಕ್ಷಯವನ್ನು ಎಬ್ಬಿಸುತ್ತವೆ ಎಂಬುದು 2001ರಲ್ಲೇ ಸ್ಪಷ್ಟವಾಯಿತು. ತಿರುಗಾಮುರುಗಾ ಆದರೆ, ಕ್ರೋನ್ಸ್ ರೋಗಿಯೊಬ್ಬ ಆರು ತಿಂಗಳು ಕ್ಷಯದ ಗುಳಿಗೆ ನುಂಗಿ ಅಷ್ಟರಲ್ಲಿ ಕರುಳನ್ನು ಇನ್ನಷ್ಟು ಕಿರಿದು ಮಾಡಿಕೊಂಡಿರುತ್ತಾನೆ.

ಆದ್ದರಿಂದ ನಮ್ಮ ಯುವಕನ ವಿಷಯದಲ್ಲಿ ಮೊದಲ ಚಿತ್ರ ಹೊಟ್ಟೆಯದ್ದಲ್ಲ, ಎದೆಯದ್ದು. ಎದೆಯ ಎಕ್ಸ್-ರೇ ತಾಲ್ಲೂಕಿನಲ್ಲೇ ಆಗುತ್ತದೆ. ಶ್ವಾಸಕೋಶದಲ್ಲಿ ಕ್ಷಯದ ಗುರುತು ಸಿಕ್ಕರೆ ಹೊಟ್ಟೆಯ ಕಥೆ ಅರ್ಧ ಬಿಡಿಸಿದಂತೆಯೇ. ಸಿಗದಿದ್ದರೆ ಕಲಬುರಗಿಯಲ್ಲಿ ಕೊಲೊನೊಸ್ಕೋಪಿ ಮಾಡಿ ಹುಣ್ಣಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಷಯದ ಖಚಿತ ಗುರುತು ಆ ಚೂರಿನಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ, ಕ್ಷಯದ ಬ್ಯಾಕ್ಟೀರಿಯಾ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಕೂಡ ಕರುಳಿನ ಮಾದರಿಯಲ್ಲಿ ಹಲವು ಬಾರಿ ಕೈಕೊಡುತ್ತದೆ. ಆಗ ಕೆಲಸಕ್ಕೆ ಬರುವುದು ಸಿಟಿ ಎಂಟರೋಗ್ರಫಿ, ಅಂದರೆ ಕರುಳನ್ನು ನೀರಿನಿಂದ ಉಬ್ಬಿಸಿ ತೆಗೆಯುವ ಸಿಟಿ.

ರೇಡಿಯಾಲಜಿಸ್ಟರು ಅದರಲ್ಲಿ ಹುಡುಕುವುದೇನು? ಕರುಳಿನ ಪಕ್ಕದ ದುಗ್ಧಗ್ರಂಥಿಗಳು ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದು ಅವುಗಳ ನಡುಭಾಗ ಕೊಳೆತು ಕಪ್ಪಾಗಿ ಕಂಡರೆ ತೂಕ ಕ್ಷಯದ ಕಡೆ ಬೀಳುತ್ತದೆ. ಇಷ್ಟು ಬಲವಾದ ಸುಳಿವು ಇನ್ನೊಂದು ಸಿಗುವುದು ಕಷ್ಟ. ಹೊಟ್ಟೆಯಲ್ಲಿ ನೀರು, ಒಂದೇ ಕಡೆ ಚಿಕ್ಕ ಉದ್ದದ ದಪ್ಪಗೋಡೆ ಇದ್ದರೂ ಹಾಗೆಯೇ. ಉದ್ದಕ್ಕೂ ಊದಿದ ಕರುಳು, ನಡುವೆ ಬಿಟ್ಟು ಬಿಟ್ಟು ಹಲವು ಕಡೆ ರೋಗ, ಗೋಡೆಯ ಒಂದು ಮಗ್ಗುಲಿನಲ್ಲಿ ಹೆಚ್ಚು ದಪ್ಪ, ಆ ಭಾಗಕ್ಕೆ ಬರುವ ರಕ್ತನಾಳಗಳು ಹಿಗ್ಗಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತಿರುವುದು, ಕರುಳಿನ ಸುತ್ತ ಕೊಬ್ಬು ಬೆಳೆದಿರುವುದು ಕ್ರೋನ್ಸ್‌ನತ್ತ ಬೆರಳು ತೋರಿಸುತ್ತವೆ. ಈ ಕೊಬ್ಬಿನ ಸುಳಿವನ್ನು ದೆಹಲಿಯ ಏಮ್ಸ್ ವೈದ್ಯರು ಅಳತೆಗೆ ಇಳಿಸಿದರು. ಹೊಟ್ಟೆಯೊಳಗಿನ ಕೊಬ್ಬನ್ನು ಚರ್ಮದಡಿಯ ಕೊಬ್ಬಿನಿಂದ ಭಾಗಿಸಿದಾಗ ಬರುವ ಸಂಖ್ಯೆ 0.63ಕ್ಕಿಂತ ಹೆಚ್ಚಿದ್ದರೆ ಕ್ರೋನ್ಸ್ ಇರುವ ಸಂಭವ ಹೆಚ್ಚು ಎಂದು ಅವರು ಕಂಡುಕೊಂಡರು. ಬಡ ದೇಶದ ಪ್ರಶ್ನೆಗೆ ಬಡ ದೇಶದ ವೈದ್ಯರೇ, ಹೊಸ ಯಂತ್ರವಿಲ್ಲದೆ, ಇದ್ದ ಚಿತ್ರದಿಂದಲೇ ಉತ್ತರ ತೆಗೆದರು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದರೂ ಕೆಲವರಲ್ಲಿ ಅನುಮಾನ ಹರಿಯುವುದಿಲ್ಲ. ಆಗ ಕ್ಷಯದ ಔಷಧವನ್ನೇ ಪರೀಕ್ಷೆಯಾಗಿ ಕೊಟ್ಟು ಎರಡು ಮೂರು ತಿಂಗಳಿಗೆ ಗುಣವನ್ನು ಅಳೆಯುತ್ತಾರೆ. ಆ ಹೊತ್ತಿಗೆ ಬೇಕಾಗುವುದು ಸಾಮಾನ್ಯವಾಗಿ ಮತ್ತೊಂದು ಸಿಟಿಯಲ್ಲ. ತೂಕ, ಜ್ವರ, ರಕ್ತಪರೀಕ್ಷೆ ನೋಡಿ, ಕೊಲೊನೊಸ್ಕೋಪಿನಲ್ಲಿ ಹುಣ್ಣು ಮಾಗಿದೆಯೇ ಎಂದು ನೋಡುತ್ತಾರೆ. ಒಂದು ಎಚ್ಚರ: ಕ್ಷಯ ವಾಸಿಯಾದ ಮೇಲೂ ಗಾಯ ಒಣಗಿ ಕರುಳು ಬಿಗಿದುಕೊಂಡರೆ ನೋವು ಉಳಿಯುತ್ತದೆ. ನೋವು ಹೋಗಿಲ್ಲ ಎಂಬ ಒಂದೇ ಕಾರಣಕ್ಕೆ ಕ್ರೋನ್ಸ್ ಎಂದು ತೀರ್ಮಾನಿಸಿ ಸ್ಟೀರಾಯ್ಡ್ ಶುರುಮಾಡಬಾರದು. ಹುಣ್ಣು ಮಾಗಿದೆ, ದಾರಿ ಮಾತ್ರ ಬಿಗಿದಿದೆ ಎಂದಾದರೆ ಅದಕ್ಕೆ ಬೇಕಾದದ್ದು ಬಲೂನಿನಿಂದ ಹಿಗ್ಗಿಸುವುದು ಅಥವಾ ಆಪರೇಷನ್.

ಸಿಟಿ ಎಂಟರೋಗ್ರಫಿಯ ತಯಾರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳ್ಳಿಯಿಂದ ಬಂದವರ ಪರೀಕ್ಷೆ ಹೆಚ್ಚಾಗಿ ಕೆಡುವುದು ಇಲ್ಲೇ. ಖಾಲಿ ಕರುಳು ಮುದುಡಿಕೊಂಡಿರುತ್ತದೆ, ಮುದುಡಿದ ಆರೋಗ್ಯವಂತ ಕರುಳೂ ಚಿತ್ರದಲ್ಲಿ ದಪ್ಪಗೋಡೆಯದಾಗಿ ಕಾಣುತ್ತದೆ. ಅದಕ್ಕಾಗಿ ಮ್ಯಾನಿಟಾಲ್ ಬೆರೆಸಿದ ಒಂದರಿಂದ ಒಂದೂವರೆ ಲೀಟರ್ ನೀರನ್ನು 45 ನಿಮಿಷದಿಂದ ಒಂದು ತಾಸಿನೊಳಗೆ ಕುಡಿಸುತ್ತಾರೆ. ಮ್ಯಾನಿಟಾಲ್ ಕರುಳಿನಿಂದ ರಕ್ತಕ್ಕೆ ಹೆಚ್ಚು ಸೇರದೆ ನೀರನ್ನು ಒಳಗೇ ಹಿಡಿದಿಡುವುದರಿಂದ ಕರುಳು ಉಬ್ಬಿ ಗೋಡೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನಂತರ ರಕ್ತನಾಳಕ್ಕೆ ಅಯೋಡಿನ್ ಬಣ್ಣ ಕೊಟ್ಟಾಗ ಉರಿಯೂತವಿರುವ ಗೋಡೆ ಹೊಳೆಯುತ್ತದೆ. ಸಾಧಾರಣ ಹೊಟ್ಟೆ ಸಿಟಿಗೆ ಕೆಲವೆಡೆ ಕುಡಿಸುವ ಬಿಳಿ ಬಣ್ಣದ ದ್ರವ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಕರುಳಿನ ಒಳಗೂ ಬಿಳಿ, ಗೋಡೆಯೂ ಬಿಳಿ ಆದರೆ ಹೊಳಪು ಕಾಣುವುದಾದರೂ ಹೇಗೆ?

ಚೀಟಿಯ ಮೇಲೆ “ಹೊಟ್ಟೆ ಸಿಟಿ” ಎಂದಷ್ಟೇ ಬರೆದಿದ್ದರೆ ಸ್ಕ್ಯಾನ್ ಸೆಂಟರಿನವರು ಸಾಧಾರಣ ಸಿಟಿಯನ್ನೇ ಮಾಡುತ್ತಾರೆ, ತಪ್ಪು ಅವರದಲ್ಲ. “24 ವರ್ಷ, ಬಲ ಕಿಬ್ಬೊಟ್ಟೆ ನೋವು, ತೂಕ ಇಳಿಕೆ, ಕ್ಷಯವೋ ಕ್ರೋನ್ಸೋ, ಎಂಟರೋಗ್ರಫಿ ಮಾಡಿ” ಎಂದು ಬರೆದ ಒಂದು ಸಾಲು ಇನ್ನೊಂದು ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ರೋಗಿ ಏಳೆಂಟು ತಾಸು ಹಸಿದು ಬಂದ ಮೇಲೆ ಕ್ರಿಯಾಟಿನಿನ್ ರಿಪೋರ್ಟ್ ಇಲ್ಲವೆಂದು ಕಾಯಿಸುವುದೂ ಸಾಮಾನ್ಯ. ಮೂತ್ರಪಿಂಡದ ಸ್ಥಿತಿ ತಿಳಿಸುವ ಈ ರಕ್ತಪರೀಕ್ಷೆಯನ್ನು ಆಳಂದದಲ್ಲೋ ಜೇವರ್ಗಿಯಲ್ಲೋ ಮೊದಲೇ ಮಾಡಿಸಿಕೊಂಡು ಬರಬಹುದು. ಮ್ಯಾನಿಟಾಲ್ ಕುಡಿದವರಿಗೆ ಪರೀಕ್ಷೆಯ ನಂತರ ಕೆಲ ಹೊತ್ತು ಭೇದಿಯಾಗುತ್ತದೆ ಎಂಬುದನ್ನು ಮುಂಚೆಯೇ ಹೇಳಬೇಕು. ಹೇಳದಿದ್ದರೆ ಅವರು ಮೊದಲ ಬಸ್ ಹತ್ತಿ ದಾರಿಯುದ್ದಕ್ಕೂ ಸಂಕಟಪಡುತ್ತಾರೆ. ಸಂಡಾಸ ಇರುವ ಕಡೆ ಒಂದೆರಡು ತಾಸು ಕುಳಿತು, ನೀರು ಕುಡಿದು, ಆಮೇಲೆ ಹೊರಡುವುದು ಒಳ್ಳೆಯದು.

ಸಿಟಿ ಇಷ್ಟು ಚೆನ್ನಾಗಿದ್ದರೆ ಪ್ರತಿ ಸಲವೂ ಅದನ್ನೇ ಮಾಡಬಾರದೇಕೆ? ಹೊಟ್ಟೆಯ ಒಂದು ಸಿಟಿಯಲ್ಲಿ ದೇಹಕ್ಕೆ ಬೀಳುವ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ಬೀಳುವ ಸ್ವಾಭಾವಿಕ ವಿಕಿರಣದ ಜಾಗತಿಕ ಸರಾಸರಿ 2.4. ಅರವತ್ತರ ವಯಸ್ಸಿನವರಿಗೆ ಒಂದು ಸಿಟಿಯ ಅಪಾಯ ಬಹಳ ಚಿಕ್ಕದು. ಆದರೆ ಕ್ರೋನ್ಸ್ ಹೆಚ್ಚಾಗಿ ಹಿಡಿಯುವುದು ಹದಿಹರೆಯದಿಂದ ಮೂವತ್ತರೊಳಗಿನವರನ್ನು, ಹಿಡಿದ ಮೇಲೆ ಬಿಡುವುದಿಲ್ಲ. ಮುಂದಿನ ನಲವತ್ತು ವರ್ಷ ಆಗಾಗ ನೋಡುತ್ತಲೇ ಇರಬೇಕಾದ ಕರುಳಿಗೆ ವಿಕಿರಣದ ಲೆಕ್ಕ ಕೂಡುತ್ತಾ ಹೋಗುತ್ತದೆ. ಅದಕ್ಕಾಗಿಯೇ ಯುರೋಪಿನ ತಜ್ಞ ಸಂಘಗಳು ಮತ್ತೆ ಮತ್ತೆ ನೋಡಬೇಕಾದವರಿಗೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡನ್ನು ಮೊದಲ ಆಯ್ಕೆ ಎನ್ನುತ್ತವೆ.

ಎಂಆರ್‌ಐನಲ್ಲಿ ವಿಕಿರಣವಿಲ್ಲ. ಊತ ಎಲ್ಲಿದೆ, ಒಣಗಿದ ಗಾಯ ಎಲ್ಲಿದೆ ಎಂಬುದನ್ನು ಸಿಟಿಗಿಂತ ನಯವಾಗಿ ಬಿಡಿಸುತ್ತದೆ. ಆದರೆ ಸಿಟಿ ಕೆಲವೇ ಸೆಕೆಂಡಿನಲ್ಲಿ ಮುಗಿಯುವಾಗ ಇದಕ್ಕೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು, ಕೊಳವೆಯಲ್ಲಿ ಮಲಗಿ ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿಯಬೇಕು, ಕರುಳಿನ ಚಲನೆ ನಿಲ್ಲಿಸಲು ಚುಚ್ಚುಮದ್ದು ಬೇಕು. ನೋವಿನಿಂದ ಒದ್ದಾಡುವವರಲ್ಲಿ ಚಿತ್ರ ಕಲಸಿಹೋಗುತ್ತದೆ. ಖರ್ಚೂ ಹೆಚ್ಚು. ಮೊದಲ ಸಲ, ಕ್ಷಯದ ಅನುಮಾನ ಇರುವಾಗ, ಕಲಬುರಗಿಯ ವೈದ್ಯರು ಸಿಟಿ ಬರೆದರೆ ಅದು ಹಳೆಯ ಕಾಲದ ವೈದ್ಯವಲ್ಲ. ಗ್ರಂಥಿ, ಹೊಟ್ಟೆಯ ನೀರು, ಶ್ವಾಸಕೋಶದ ಕೆಳಭಾಗ ಎಲ್ಲವನ್ನೂ ಒಂದೇ ಉಸಿರಿನಲ್ಲಿ ತೋರಿಸುವ ಪರೀಕ್ಷೆ ಅದು. ಅದೇ ರೋಗಿ ಮೂರನೇ ಸಲ ಬಂದಾಗಲೂ ಯೋಚಿಸದೆ ಸಿಟಿ ಬರೆದರೆ ಕೇಳುವ ಹಕ್ಕು ರೋಗಿಗಿದೆ.

ಅಲ್ಟ್ರಾಸೌಂಡ್ ಬಗ್ಗೆ ನಮ್ಮಲ್ಲಿ ತಾತ್ಸಾರ ಹೆಚ್ಚು. ಅದು ಕಲ್ಲು, ಗರ್ಭ ನೋಡುವ ಯಂತ್ರ, ಗಾಳಿ ತುಂಬಿದ ಕರುಳಿನಲ್ಲಿ ಏನೂ ಕಾಣದು ಎಂಬ ನಂಬಿಕೆ. ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಮೆಟ್ರಿಕ್ ಅಧ್ಯಯನ ಎಂಆರ್‌ಐ, ಅಲ್ಟ್ರಾಸೌಂಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಸಣ್ಣ ಕರುಳಿನಲ್ಲಿ ಕ್ರೋನ್ಸ್ ಇದ್ದವರನ್ನು ಎಂಆರ್‌ಐ 100ಕ್ಕೆ 97ರಲ್ಲಿ, ಅಲ್ಟ್ರಾಸೌಂಡ್ 92ರಲ್ಲಿ ಗುರುತಿಸಿತು. ರೋಗ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದರಲ್ಲಿ ಅಂತರ ಹೆಚ್ಚಿತ್ತು, 80 ಮತ್ತು 70. ಅಂದರೆ ಮೊದಲ ನಕ್ಷೆಗೆ ಎಂಆರ್‌ಐ ಅಥವಾ ಸಿಟಿ ಬೇಕು. ನಕ್ಷೆ ಕೈಗೆ ಬಂದ ಮೇಲೆ ಔಷಧ ಹಿಡಿಯುತ್ತಿದೆಯೇ ಎಂದು ನೋಡಲು, ಬಲ ಕಿಬ್ಬೊಟ್ಟೆಯ ಅದೇ ಜಾಗಕ್ಕೆ ಪ್ರೋಬ್ ಇಟ್ಟು ಗೋಡೆಯ ದಪ್ಪ ಅಳೆದರೆ ಸಾಕಾಗುವ ಸಂದರ್ಭಗಳು ಬಹಳ. 3 ಮಿಲಿಮೀಟರ್ ದಾಟಿದರೆ ದಪ್ಪ ಎಂದು ಲೆಕ್ಕ. ಇದಕ್ಕೆ ಬೇಕಾದ ಯಂತ್ರ ತಾಲ್ಲೂಕಿನಲ್ಲಿದೆ. ಬೇಕಾಗಿರುವುದು ಕರುಳನ್ನು ನೋಡಲು ಕಲಿತ ಕಣ್ಣು.

ಯುರೋಪಿನಲ್ಲಿ ಕರುಳಿನ ವೈದ್ಯರೇ ತಮ್ಮ ಕೋಣೆಯಲ್ಲಿ, ರೋಗಿಯೊಡನೆ ಮಾತನಾಡುತ್ತಲೇ ಈ ಸ್ಕ್ಯಾನಿಂಗ್ ಮಾಡುತ್ತಾರೆ. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ, 2003ರಲ್ಲಿ ಬಿಗಿಯಾದ ಕಾನೂನಿನ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಾಯಿತ ಜಾಗದಲ್ಲಿ, ಅರ್ಹತೆ ಪಡೆದವರ ಕೈಯಲ್ಲೇ ಇರಬೇಕು. ಈ ಕಾನೂನು ಅಗತ್ಯವಾದದ್ದು, ಸಡಿಲವಾಗಬಾರದು ಎಂದೇ ನಾನು ಹೇಳುತ್ತೇನೆ. ಅದಕ್ಕೇ ಕರುಳಿನ ಅಲ್ಟ್ರಾಸೌಂಡನ್ನು ಈಗಾಗಲೇ ನೋಂದಣಿಯಿರುವ ರೇಡಿಯಾಲಜಿಸ್ಟರಿಗೆ ಕಲಿಸುವುದು ನಮಗೆ ಹತ್ತಿರದ ದಾರಿ. ಗರ್ಭಿಣಿಗೆ ಕ್ರೋನ್ಸ್ ಕೆರಳಿದಾಗಲಂತೂ ಮೊದಲು ನೆನಪಾಗಬೇಕಾದದ್ದು ಅಲ್ಟ್ರಾಸೌಂಡೇ. ಸಾಲದಿದ್ದರೆ ಗ್ಯಾಡೊಲಿನಿಯಮ್ ಬಣ್ಣ ಬಿಟ್ಟು ಎಂಆರ್‌ಐ ಮಾಡಬಹುದು.

ಕ್ರೋನ್ಸ್‌ನಲ್ಲಿ ಬರಬಹುದಾದ ಭಗಂದರದ ವಿಷಯದಲ್ಲಿ ಮಾತ್ರ ಆಯ್ಕೆಗೆ ಹೆಚ್ಚು ಜಾಗವಿಲ್ಲ. ಗುದದ ಪಕ್ಕದಲ್ಲಿ ಗುಳ್ಳೆ ಎದ್ದು ಕೀವು ಸೋರುತ್ತದೆ, ಒಣಗುತ್ತದೆ, ಮತ್ತೆ ಸೋರುತ್ತದೆ. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಮೂಲವ್ಯಾಧಿ ಎಂದು ಔಷಧ ತಿಂದು, ಕೊನೆಗೆ ಎಲ್ಲೋ ಕೊಯ್ಯಿಸಿಕೊಂಡು, ಮತ್ತೆ ಸೋರತೊಡಗಿದ ಮೇಲೆ ಬರುವವರು ಬಹಳ. ಹೊರಗೆ ಕಾಣುವ ರಂಧ್ರ ಒಂದೇ ಆದರೂ ಒಳಗಿನ ದಾರಿ ಮಲ ತಡೆಯುವ ಸ್ನಾಯುವಿನ ಯಾವ ಪದರ ಹಾದು ಹೋಗಿದೆ, ಎಲ್ಲಿ ಕವಲೊಡೆದಿದೆ ಎಂಬುದು ತಿಳಿಯದೆ ಕತ್ತಿ ಹಾಕಿದರೆ ಸ್ನಾಯು ತುಂಡಾಗಿ ಮಲದ ಹಿಡಿತವೇ ತಪ್ಪಬಹುದು. ಲಂಡನ್ನಿನ ಶಸ್ತ್ರವೈದ್ಯ ಅಲನ್ ಪಾರ್ಕ್ಸ್ 1976ರಲ್ಲಿ ಈ ದಾರಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು, ಇಂದಿಗೂ ಬಳಕೆಯಲ್ಲಿರುವುದು ಅದೇ. ಈ ನಾಲ್ಕರಲ್ಲಿ ಯಾವುದು ಎಂದು ಆಪರೇಷನ್ನಿಗೆ ಮೊದಲೇ ಹೇಳಬಲ್ಲದ್ದು ಶ್ರೋಣಿಯ ಎಂಆರ್‌ಐ. ಅದರಲ್ಲಿ ಕೀವು ತುಂಬಿದ ದಾರಿ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಾಣುತ್ತದೆ. ಸಿಟಿ ಇಲ್ಲಿ ಸಾಲದು. ಎರಡು ಸಲ ಕೊಯ್ದರೂ ಮರಳಿದ ಭಗಂದರ, ಅದರ ಜೊತೆಗೆ ತೂಕ ಇಳಿಕೆ ಇದ್ದರೆ ಕ್ರೋನ್ಸ್ ಅನ್ನು ನೆನೆಯಲೇಬೇಕು. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ನಾಚಿಕೆ ಬಿಟ್ಟು ಮಾತಾಡಿಸಿ, ಕಲಬುರಗಿಗೆ ಕರೆದೊಯ್ಯಿರಿ.

ಅಲ್ಸರೇಟಿವ್ ಕೊಲೈಟಿಸ್‌ನವರಿಗೆ ಸಾಮಾನ್ಯ ದಿನಗಳಲ್ಲಿ ಸಿಟಿ, ಎಂಆರ್‌ಐ ಎರಡೂ ಬೇಡ. ರೋಗ ಇರುವುದೇ ದುರ್ಬೀನಿಗೆ ಕಾಣುವ ಒಳಪದರದಲ್ಲಿ. ಆದರೆ ಒಂದು ಗಳಿಗೆಯಲ್ಲಿ ಅವರಿಗೆ ಚಿತ್ರ ಜೀವದ ಪ್ರಶ್ನೆಯಾಗುತ್ತದೆ. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿ ಇದ್ದರೆ ಅದು ತೀವ್ರ ಕೊಲೈಟಿಸ್ ಎಂದು ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲೇ ಅಳತೆ ಹಾಕಿಕೊಟ್ಟರು. ಆಗ ದೊಡ್ಡ ಕರುಳು ಚಲನೆ ಕಳೆದುಕೊಂಡು ಬಲೂನಿನಂತೆ ಹಿಗ್ಗಿ ಒಡೆಯಬಹುದು. ಇದನ್ನು ಹಿಡಿಯಲು ಹೊಟ್ಟೆಯ ಒಂದು ಸಾದಾ ಎಕ್ಸ್-ರೇ ಸಾಕು. ಅಡ್ಡಲಾಗಿ ಹಾದುಹೋಗುವ ದೊಡ್ಡ ಕರುಳಿನ ಅಗಲ 6 ಸೆಂಟಿಮೀಟರ್ ದಾಟಿದೆಯೇ ಎಂದು ಸ್ಕೇಲು ಇಟ್ಟು ಅಳೆಯಬೇಕು. ಆಳಂದದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ತೆಗೆದ ಆ ಎಕ್ಸ್-ರೇ ನೋಡಿ ರೋಗಿಯನ್ನು ಅದೇ ಗಳಿಗೆಯಲ್ಲಿ ಆಂಬುಲೆನ್ಸಿನಲ್ಲಿ ಕಳಿಸಿದ ವೈದ್ಯರು ಮಾಡಿದ ಕೆಲಸ, ಮರುದಿನ ನಗರದಲ್ಲಿ ಎಂಆರ್‌ಐ ಬರೆದವರ ಕೆಲಸಕ್ಕಿಂತ ದೊಡ್ಡದು. ಈ ಹೊತ್ತಿನಲ್ಲಿ ಬೇರಿಯಂ ಎನಿಮಾ ಕೊಡಲೇಬಾರದು, ಪೂರ್ತಿ ಕೊಲೊನೊಸ್ಕೋಪಿಯ ಗೋಜಿಗೂ ಹೋಗಬಾರದು. ಕರುಳು ತೂತಾದ ಅನುಮಾನ, ವಾಂತಿಯೊಡನೆ ಪೂರ್ತಿ ತಡೆ, ಜ್ವರದೊಡನೆ ಕೈಗೆ ಸಿಗುವ ಗಂಟು ಇದ್ದರೆ ವಿಕಿರಣದ ಲೆಕ್ಕ ಬದಿಗಿಟ್ಟು ತಕ್ಷಣ ಸಿಟಿ ಮಾಡಿಸಬೇಕು.

ಕೊನೆಯದಾಗಿ ಫಿಲ್ಮುಗಳ ಮಾತು. ಕಲಬುರಗಿಯಲ್ಲಿ ಒಂದು, ಸೊಲ್ಲಾಪುರದಲ್ಲಿ ಒಂದು, ಹೈದರಾಬಾದಿನಲ್ಲಿ ಒಂದು ಸ್ಕ್ಯಾನ್ ಮಾಡಿಸಿದವರ ಬಳಿ ಹೆಚ್ಚಾಗಿ ಉಳಿಯುವುದು ಇತ್ತೀಚಿನದು ಮಾತ್ರ. ಗೋಡೆ ಈಗ 6 ಮಿಲಿಮೀಟರ್ ಇದೆ ಎಂಬುದಕ್ಕಿಂತ ಕಳೆದ ವರ್ಷ 9 ಇತ್ತು ಎಂಬುದು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಹಳೆಯದು ಸಿಗದಿದ್ದರೆ ಅದೇ ಪರೀಕ್ಷೆ ಮತ್ತೊಮ್ಮೆ, ಅದೇ ಖರ್ಚು, ಅದೇ ವಿಕಿರಣ. ಫಿಲ್ಮಿನ ಮೇಲೆ ಕೆಲವೇ ಆಯ್ದ ಚಿತ್ರಗಳಿರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತವೆ. ಆದ್ದರಿಂದ ಸ್ಕ್ಯಾನ್ ಸೆಂಟರಿನಿಂದ ಹೊರಡುವ ಮುಂಚೆ ಸಿಡಿ ಕೇಳಿ ಪಡೆಯಿರಿ. ಅದರ ಮೇಲೆ ಹೆಸರು, ತಾರೀಖು ಬರೆದು, ರಿಪೋರ್ಟು, ಬಯಾಪ್ಸಿ ಚೀಟಿ, ಕ್ಷಯದ ಔಷಧ ಶುರುವಾದ ದಿನ ಎಲ್ಲವನ್ನೂ ಒಂದೇ ಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಇಡಿ. ಮುಂದಿನ ಸಲ ಯಾವ ಊರಿಗೆ ಹೋದರೂ ಆ ಚೀಲ ಜೊತೆಗಿರಲಿ.